ಕೆಲಸವೇ ಹೆಸರಾಗುವ ಜಪಾನೀ ನುಡಿ

(ಯುವಕರ ಭಾನುವಾರದ ಕೂಟವೊಂದರಲ್ಲಿ ಪ್ರೆಸ್ ಮಾಲೀಕರೊಬ್ಬರು ಆಡಿದ ಮಾತು. ಬರಹಕ್ಕಿಳಿಸುವಾಗ ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)



ಈ ಕೂಟದ ಹುಡುಗರು ನನ್ನನ್ನು ಕರೆಯಲು ಬಂದಾಗ ಮೊದಲು ಹೇಳಿದ್ದು ಒಂದೇ ಮಾತು. "ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು ಕಣ್ರಪ್ಪ. ಮೈಕಿನ ಮುಂದೆ ನಿಂತು ವ್ಯಾಕರಣ ಹೇಳುವಷ್ಟು ಓದಿದವನಲ್ಲ." ಅದಕ್ಕೆ ಅವರು, "ಕರಪತ್ರದ ಪ್ರೂಫ್ ತಿದ್ದುವಾಗ ನಮಗೆ ಬೈತೀರಲ್ಲ ಅಣ್ಣ, ಅದನ್ನೇ ಸ್ವಲ್ಪ ಜೋರಾಗಿ ಹೇಳಿ ಸಾಕು" ಅಂದರು. ಬೈಸಿಕೊಂಡವರೇ ಕರೆದಿದ್ದಾರೆ, ಬಂದಿದ್ದೇನೆ.

ಇವತ್ತು ಹೇಳುವುದು ಜಪಾನೀ ಭಾಷೆಯ ಒಂದು ಸಣ್ಣ ವಿಷಯ. ಅಲ್ಲಿ ಕ್ರಿಯಾಪದದಿಂದ ನಾಮಪದ ಹೇಗೆ ಹುಟ್ಟುತ್ತದೆ ಎಂಬುದು. ಚಿಕ್ಕಪೇಟೆಯ ಸಂದಿಯಲ್ಲಿ ಮದುವೆ ಕಾಗದ, ಬಿಲ್ ಪುಸ್ತಕ ಅಚ್ಚು ಹಾಕುವವನಿಗೆ ಇದೆಂಥ ಹುಚ್ಚು ಎಂದು ನಗಬೇಡಿ. ಈ ವಿಷಯ ನನಗೆ ಪುಸ್ತಕದಿಂದ ಬರಲಿಲ್ಲ. ಒಬ್ಬ ಹುಡುಗನ ಬೆರಳಿನಿಂದ ಬಂತು.

ಕಿತ್ತುಹೋದ ಸ್ಟಿಕ್ಕರು

2016ರಲ್ಲಿ ಸಾಲ ಮಾಡಿ ಜಪಾನಿನಲ್ಲಿ ತಯಾರಾದ ಆಫ್‌ಸೆಟ್ ಮಷೀನೊಂದನ್ನು ತಂದೆ. ಸೆಕೆಂಡ್ ಹ್ಯಾಂಡ್ ಮಾಲು. ಮೈತುಂಬ ಜಪಾನೀ ಅಕ್ಷರ. ಜತೆಗೆ ಬಂದ ಕೈಪಿಡಿಯೂ ಜಪಾನೀಯದ್ದೇ, ಅದೂ ಮಸುಕು ಜೆರಾಕ್ಸು. ಎಷ್ಟು ದಿನ ಮೆಕ್ಯಾನಿಕ್ಕನ್ನು ಕಾಯುವುದು ಎಂದು ಸಂಜೆ ಹೊತ್ತು ಜಪಾನೀ ಕಲಿಸುವ ತರಗತಿಗೆ ಸೇರಿಕೊಂಡೆ. ಮೂರು ತಿಂಗಳಿಗೆ ಅಕ್ಷರ ಕೂಡಿಸಿ ಓದಲು ಬಂತು. ಅಷ್ಟಕ್ಕೇ ತಲೆ ಭುಜದ ಮೇಲೆ ನಿಲ್ಲಲಿಲ್ಲ.

ಕೈಪಿಡಿಯ ಒಂದು ಅಧ್ಯಾಯದ ತಲೆಬರಹ 'ತೆ-ಇರೆ'. 'ತೆ' ಎಂದರೆ ಕೈ. 'ಇರೆರು' ಎಂದರೆ ಒಳಗೆ ಹಾಕು. ಆ ಪುಟದಲ್ಲಿ ಬಟ್ಟೆ, ಎಣ್ಣೆ, ಬ್ರಷ್ಷಿನ ಚಿತ್ರಗಳಿದ್ದವು. ಇತ್ತ ಮಷೀನಿನ ರೋಲರ್ ಮುಚ್ಚಳದ ಹತ್ತಿರ ಒಂದು ಸ್ಟಿಕ್ಕರಿತ್ತು. ಚಿತ್ರ ಇದ್ದ ಭಾಗ ಕಿತ್ತುಹೋಗಿ ಅಕ್ಷರ ಮಾತ್ರ ಉಳಿದಿತ್ತು: 'ತೆ ಒ ಇರೆರುನ'. ಅಲ್ಲೂ ಅದೇ ತೆ, ಇಲ್ಲೂ ಅದೇ ತೆ. ಅಲ್ಲೂ ಇರೆ, ಇಲ್ಲೂ ಇರೆ. ನಾನು ದೊಡ್ಡ ಪಂಡಿತನ ಹಾಗೆ ಕೆಲಸದ ಹುಡುಗನಿಗೆ ಹೇಳಿದೆ: "ನೋಡಪ್ಪ, ದಿನಾ ಒರೆಸಬೇಕಾದ ಜಾಗಕ್ಕೆ ಅವರೇ ಗುರುತು ಹಾಕಿ ಕೊಟ್ಟಿದ್ದಾರೆ. ಇಲ್ಲಿ ಕೈ ಹಾಕಿ ಒರೆಸು."

ಮಾರನೆಯ ದಿನ ಮಷೀನು ನಿಧಾನವಾಗಿ ತಿರುಗುತ್ತಿದ್ದಾಗಲೇ ಅವನು ಬಟ್ಟೆ ಹಿಡಿದು ಕೈ ಹಾಕಿದ. ರೋಲರು ಬಟ್ಟೆಯನ್ನು ಎಳೆದುಕೊಂಡಿತು. ಬಟ್ಟೆಯ ಹಿಂದೆ ಬೆರಳು. ಪಕ್ಕದಲ್ಲಿದ್ದ ಹಿರಿಯ ಮಷೀನ್‌ಮನ್ ಕೆಂಪು ಗುಂಡಿ ಒತ್ತದೆ ಇದ್ದಿದ್ದರೆ ಇವತ್ತು ನಾನು ನಿಮ್ಮ ಮುಂದೆ ಮುಖ ತೋರಿಸುತ್ತಿರಲಿಲ್ಲ. ನಡುಬೆರಳಿನ ಉಗುರು ಹೋಯಿತು, ಹೊಲಿಗೆ ಬಿತ್ತು, ಬೆರಳು ಉಳಿಯಿತು. ಆಸ್ಪತ್ರೆಗೆ ಬಂದ ಅವನ ತಾಯಿ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆ ವಾರ ತರಗತಿಗೆ ಹೋಗಿ ಎರಡೂ ಪದಗಳನ್ನು ಬರೆದು ಮೇಡಂ ಮುಂದಿಟ್ಟೆ. ಅವರು ಹಣೆ ಚಚ್ಚಿಕೊಂಡರು. ಕೈಪಿಡಿಯಲ್ಲಿರುವ 'ತೆ-ಇರೆ' ನಾಮಪದ. ಅದರ ಅರ್ಥ ಆರೈಕೆ, ಜೋಪಾನ, ಮಷೀನನ್ನು ದಿನನಿತ್ಯ ನೋಡಿಕೊಳ್ಳುವುದು. ಸ್ಟಿಕ್ಕರಿನಲ್ಲಿರುವುದು ಕ್ರಿಯಾಪದ. ಅದರ ಕೊನೆಯ 'ನ' ಎಂದರೆ 'ಬೇಡ'. ಕೈ ಹಾಕಬೇಡ! ಯಾವ ಜಾಗದಲ್ಲಿ ಜಪಾನಿನವನು 'ಕೈ ಹಾಕಬೇಡ' ಎಂದು ಕೂಗಿ ಹೇಳಿದ್ದನೋ ಆ ಜಾಗದಲ್ಲೇ ನಾನು ಹುಡುಗನಿಂದ ಕೈ ಹಾಕಿಸಿದ್ದೆ.

ಅವತ್ತಿನಿಂದ ಈ ವ್ಯಾಕರಣದ ಬೆನ್ನು ಹತ್ತಿದೆ.

'ಉ' ಹೋಗಿ 'ಇ' ಬರುತ್ತದೆ

ಮೊದಲು ನಿಯಮ ಕೇಳಿ. ಹೆದರಬೇಡಿ, ಎರಡೇ ನಿಮಿಷದ್ದು.

ಜಪಾನೀ ಕ್ರಿಯಾಪದಗಳೆಲ್ಲ ನಿಘಂಟಿನಲ್ಲಿ 'ಉ' ಸ್ವರದಿಂದ ಕೊನೆಯಾಗುತ್ತವೆ. ಅವುಗಳಲ್ಲಿ ಎರಡು ದೊಡ್ಡ ಗುಂಪು. ಮೊದಲ ಗುಂಪಿನಲ್ಲಿ ಆ 'ಉ' ತೆಗೆದು 'ಇ' ಹಾಕಬೇಕು. 'ಅಸೊಬು' ಎಂದರೆ ಆಡು, 'ಅಸೊಬಿ' ಎಂದರೆ ಆಟ. 'ಒಯೊಗು' ಎಂದರೆ ಈಜು, 'ಒಯೊಗಿ' ಎಂದರೆ ಈಜುವ ಕೆಲಸ. 'ಹನಸು' ಎಂದರೆ ಮಾತಾಡು, 'ಹನಶಿ' ಎಂದರೆ ಮಾತು, ಕಥೆ. ಇಲ್ಲಿ 'ಸು' ಹೋಗಿ 'ಶಿ' ಆದದ್ದು ಗಮನಿಸಿ. ಹಾಗೆಯೇ 'ತ್ಸು' ಇದ್ದರೆ 'ಚಿ' ಆಗುತ್ತದೆ. 'ಕತ್ಸು' ಗೆಲ್ಲು, 'ಕಚಿ' ಗೆಲುವು.

ಎರಡನೆಯ ಗುಂಪು ಇನ್ನೂ ಸುಲಭ. ಕೊನೆಯ 'ರು' ಕಿತ್ತುಹಾಕಿದರೆ ಮುಗಿಯಿತು. 'ಮಕೆರು' ಸೋಲು, 'ಮಕೆ' ಎಂದರೆ ಸೋತದ್ದು, ಪರಾಭವ. 'ಹಜಿಮೆರು' ಶುರುಮಾಡು, 'ಹಜಿಮೆ' ಆರಂಭ. 'ಒಶಿಯೆರು' ಕಲಿಸು, 'ಒಶಿಯೆ' ಬೋಧನೆ. 'ಇರೆರು' ಹೋಗಿ 'ಇರೆ' ಆದದ್ದೂ ಈ ದಾರಿಯಲ್ಲೇ.

'ಮಾಡು' ಎನ್ನುವ 'ಸುರು', 'ಬಾ' ಎನ್ನುವ 'ಕುರು' ಇವೆರಡು ಮಾತ್ರ ತಂಟೆಕೋರರು. ಅವು 'ಶಿ', 'ಕಿ' ಆಗುತ್ತವೆ.

ಇನ್ನೊಂದು ಸುಲಭೋಪಾಯ ಇದೆ. ಜಪಾನೀಯರು ಮರ್ಯಾದೆಯಿಂದ ಮಾತಾಡುವಾಗ ಕ್ರಿಯಾಪದಕ್ಕೆ 'ಮಸು' ಸೇರಿಸುತ್ತಾರೆ. 'ಅಸೊಬಿಮಸು', 'ಹಜಿಮೆಮಸು' ಹೀಗೆ. ಆ 'ಮಸು' ಬಾಲ ಕತ್ತರಿಸಿ. ಉಳಿದ ಮುಂಡವೇ ನಮಗೆ ಬೇಕಾದದ್ದು. ಅವರ ವ್ಯಾಕರಣದಲ್ಲಿ ಈ ರೂಪಕ್ಕೆ 'ರೆನ್‌ಯೋಕೇ' ಎಂದು ಹೆಸರು. ಅದರಿಂದ ಹುಟ್ಟಿದ ಹೆಸರನ್ನು 'ತೆನ್‌ಸೇ ಮೇಶಿ' ಎನ್ನುತ್ತಾರೆ, ಅಂದರೆ ರೂಪ ಬದಲಿಸಿ ಬಂದ ನಾಮಪದ.

ನಾವೂ ಹೈಸ್ಕೂಲಿನಲ್ಲಿ 'ಕೃದಂತ ಭಾವನಾಮ' ಎಂದು ಉರು ಹೊಡೆದವರೇ ತಾನೆ? ಓಡು-ಓಟ, ನಂಬು-ನಂಬಿಕೆ, ಕೊಡು-ಕೊಡುಗೆ. ನಮ್ಮಲ್ಲಿ ಟ, ಇಕೆ, ಗೆ ಎಂದು ಹಲವು ಪ್ರತ್ಯಯ. ಅವರಲ್ಲಿ ಪ್ರತ್ಯಯವೇ ಬೇಕಿಲ್ಲ, ಧಾತುವೇ ಎದ್ದು ನಿಂತು ಹೆಸರಾಗುತ್ತದೆ. ನಮ್ಮ ನುಡಿ, ನಡೆ, ತಡೆ, ಓದು, ಹಾಡು ಇವುಗಳ ಹಾಗೆ. ನಾವು 'ಓದುಬರಹ' ಅನ್ನುತ್ತೇವಲ್ಲ, ಅವರು ಅದನ್ನೇ 'ಯೊಮಿಕಕಿ' ಅನ್ನುತ್ತಾರೆ. 'ಯೊಮು' ಓದು, 'ಕಕು' ಬರೆ. ಎರಡನ್ನೂ ಹೆಸರಾಗಿಸಿ ಜೋಡಿ ಕಟ್ಟಿದರು.

ರೂಪಕ್ಕೆ ನಿಯಮ, ಅರ್ಥಕ್ಕೆ ರೂಢಿ

ಇಲ್ಲಿಯವರೆಗೆ ಹಾಯಾಗಿದೆ. ನಾನು ಬಿದ್ದದ್ದು ಇದರ ಮುಂದಿನ ಹಳ್ಳಕ್ಕೆ.

ಕ್ರಿಯಾಪದ ಇರುವಾಗ ಅದರ ಜತೆ ಒಂದು ಸಂಸಾರವೇ ಇರುತ್ತದೆ. ನಿನ್ನೆಯೋ ಇವತ್ತೋ, ಮಾಡು ಅಂತಲೋ ಬೇಡ ಅಂತಲೋ ಎಲ್ಲ ಅದರ ಬಾಲದಲ್ಲಿರುತ್ತದೆ. ಅದೇ ಪದ ಹೆಸರಾದ ಗಳಿಗೆಯಲ್ಲಿ ಈ ಬಾಲ ಉದುರುತ್ತದೆ. ಉಳಿದ ಬೋಳು ಪದಕ್ಕೆ ಯಾವ ಅರ್ಥ ಕೊಡಬೇಕು ಎಂಬುದನ್ನು ಜನ ತೀರ್ಮಾನಿಸುತ್ತಾರೆ. ನಿಯಮ ಅಲ್ಲಿ ಕೈ ಚೆಲ್ಲುತ್ತದೆ.

ನೋಡಿ, 'ಹಸಮು' ಎಂದರೆ ಎರಡರ ನಡುವೆ ಸಿಕ್ಕಿಸಿ ಹಿಡಿ. 'ಹಸಮಿ' ಎಂದರೆ ಕತ್ತರಿ. ಕೆಲಸ ಹೋಗಿ ಸಾಮಾನಾಯಿತು. 'ಹಕರು' ಎಂದರೆ ಅಳೆ, 'ಹಕರಿ' ಎಂದರೆ ತಕ್ಕಡಿ. 'ತೋರು' ಎಂದರೆ ಹಾದುಹೋಗು, 'ತೋರಿ' ಎಂದರೆ ಬೀದಿ. ಕೆಲಸ ಹೋಗಿ ಜಾಗವಾಯಿತು. 'ಕೋರು' ಎಂದರೆ ಹೆಪ್ಪುಗಟ್ಟು, 'ಕೋರಿ' ಎಂದರೆ ಮಂಜುಗಡ್ಡೆ. 'ಕುರೆರು' ಎಂದರೆ ಕತ್ತಲಾಗು, 'ಕುರೆ' ಎಂದರೆ ವರ್ಷದ ಕೊನೆ. 'ತತಮು' ಎಂದರೆ ಮಡಿಸು, 'ತತಮಿ' ಎಂದರೆ ಜಪಾನೀ ಮನೆಯ ನೆಲಕ್ಕೆ ಹಾಸುವ ಚಾಪೆ. ಒಂದೇ ನಿಯಮ, ಆದರೆ ಒಂದು ಸಾಮಾನು, ಒಂದು ಬೀದಿ, ಒಂದು ಹೊತ್ತು!

ಮನುಷ್ಯರೂ ಹೀಗೆ ಹುಟ್ಟುತ್ತಾರೆ. 'ಮಿರು' ನೋಡು, 'ನರೌ' ಕಲಿ. ಎರಡೂ ಸೇರಿ 'ಮಿನರೈ'. ನೋಡಿ ಕಲಿಯುವುದು, ಹಾಗೆಯೇ ನೋಡಿ ಕಲಿಯುವವನು, ಅಂದರೆ ಕೆಲಸ ಕಲಿಯಲು ಸೇರಿದ ಹುಡುಗ. ನಾನು ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ ನನಗೆ ಯಾರೂ ಏನೂ ಹೇಳಿಕೊಡಲಿಲ್ಲ, ನೋಡಿಯೇ ಕಲಿತೆ. ಆ ಪದ ಕೇಳಿದಾಗ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯಿತು.

ಈಗ 'ತೆ-ಇರೆ'ಗೆ ಬನ್ನಿ. ಕೈ ಹಾಕುವುದು ಎಂದರೆ ಜಪಾನೀಯರ ರೂಢಿಯಲ್ಲಿ ಮುತುವರ್ಜಿ ವಹಿಸಿ ನೋಡಿಕೊಳ್ಳುವುದು. ತೋಟಕ್ಕೂ 'ತೆ-ಇರೆ', ಮಷೀನಿಗೂ 'ತೆ-ಇರೆ'. ಅಷ್ಟೇ ಅಲ್ಲ, ಪೊಲೀಸರು ಜೂಜುಕಟ್ಟೆಯ ಮೇಲೆ ದಾಳಿ ಮಾಡಿದರೆ ಅದೂ 'ತೆ-ಇರೆ'! ಬಿಡಿ ಬಿಡಿ ಮಾಡಿ ಅರ್ಥ ಹುಡುಕಿದರೆ ಸಿಗುವುದಿಲ್ಲ. ಹೊರಗಿನಿಂದ ಬಂದವನೊಬ್ಬ ಕನ್ನಡ ಕಲಿಯುತ್ತಿದ್ದಾನೆ ಅಂದುಕೊಳ್ಳಿ. 'ಗೆಳೆಯ ಕೈಕೊಟ್ಟ' ಎನ್ನುವುದನ್ನು ಬಿಡಿಸಿ ಓದಿ, 'ಪಾಪ, ಎಷ್ಟು ಒಳ್ಳೆಯವನು, ಕೈ ಹಿಡಿದು ಎತ್ತಿದ' ಎಂದು ತಿಳಿದರೆ? ನಾವು ನಗುತ್ತೇವೆ. ನಾನು ಮಾಡಿದ್ದೂ ಅದೇ. ಅಲ್ಲಿ ಮಾತ್ರ ರಕ್ತ ಬಂತು.

ಇನ್ನೊಂದು ಎಚ್ಚರ. ಎಲ್ಲ ಧಾತುವೂ ಒಂಟಿಯಾಗಿ ಹೆಸರಾಗುವುದಿಲ್ಲ. 'ತಬೆರು' ಎಂದರೆ ತಿನ್ನು. 'ತಬೆ' ಎಂದಷ್ಟೇ ಹೇಳಿದರೆ ಊಟ ಸಿಗುವುದಿಲ್ಲ. ಅದಕ್ಕೆ ಊರುಗೋಲು ಬೇಕು. 'ಮೊನೊ' ಎಂದರೆ ವಸ್ತು, 'ತಬೆಮೊನೊ' ಎಂದರೆ ತಿನ್ನುವ ಪದಾರ್ಥ. 'ಕತ' ಎಂದರೆ ಬಗೆ, 'ತಬೆಕತ' ಎಂದರೆ ತಿನ್ನುವ ಬಗೆ. ಈ 'ಕತ' ಹೆಚ್ಚುಕಡಿಮೆ ಎಲ್ಲ ಕ್ರಿಯಾಪದಕ್ಕೂ ಹೊಂದುತ್ತದೆ. ಸುಮ್ಮನೆ 'ತಿನ್ನುವುದು' ಎನ್ನಬೇಕಾದರೆ ಧಾತುವಿನ ತಂಟೆಗೆ ಹೋಗದೆ 'ತಬೆರು ಕೊತೊ' ಎನ್ನುತ್ತಾರೆ. ಧಾತುವೇ ಹೆಸರಾಗಿ ನಿಂತದ್ದು ನಿಘಂಟಿನಲ್ಲಿ ಇದ್ದರೆ ಬಳಸಿ. ಇಲ್ಲದಿದ್ದರೆ 'ಕೊತೊ' ಹಾಕಿ ಬಚಾವಾಗಿ. ಇದು ಮೇಡಂ ಹೇಳಿಕೊಟ್ಟ ಉಪಾಯ.

ಪ್ರೆಸ್ಸಿನೊಳಗಿನ ನಿಘಂಟು

ಕೈಪಿಡಿಯನ್ನು ಮತ್ತೆ ಮೊದಲಿನಿಂದ ಓದಿದೆ. ಈ ಸಲ ಪೆನ್ಸಿಲ್ ಹಿಡಿದು. ಆಗ ಕಂಡದ್ದೇನು ಗೊತ್ತೆ? ಜಪಾನಿನ ಪ್ರೆಸ್ಸುಗಳ ಒಳಗೆ ಓಡಾಡುವ ಪದಗಳಲ್ಲಿ ಬಹಳಷ್ಟು ಈ ಜಾತಿಯವೇ!

'ಸುರು' ಎಂದರೆ ಅಚ್ಚುಹಾಕು. (ಮಾಡು ಎನ್ನುವ 'ಸುರು' ಬೇರೆ, ಸದ್ದು ಒಂದೇ.) ಇದರಿಂದ 'ಸುರಿ'. ಬಣ್ಣಕ್ಕೆ 'ಇರೊ', ಬಣ್ಣದ ಮುದ್ರಣ 'ಇರೊಝುರಿ'. ಪರೀಕ್ಷಿಸುವುದಕ್ಕೆ 'ತಮೆಶಿ', ಮೊದಲು ನಾಲ್ಕು ಹಾಳೆ ಬಿಟ್ಟು ನೋಡುವುದು 'ತಮೆಶಿಝುರಿ'. ಗ್ಯಾಲಿ ಪ್ರೂಫಿಗೆ 'ಗೆರಾಝುರಿ'. ಆ 'ಗೆರಾ' ನಮ್ಮಲ್ಲೂ ಇರುವ ಇಂಗ್ಲಿಷಿನ ಗ್ಯಾಲಿಯೇ, ಜಪಾನೀ ಬಾಯಲ್ಲಿ ಹೀಗೆ ಸವೆದಿದೆ. ಅಂದ ಹಾಗೆ ಜೇಬುಗಳ್ಳನಿಗೂ 'ಸುರಿ' ಎಂದೇ ಹೆಸರು. ಅದು ಬೇರೆ ಕ್ರಿಯಾಪದದಿಂದ ಬಂದದ್ದು. ನನ್ನ ಬಿಲ್ಲು ನೋಡಿದವರು ಎರಡೂ ಒಂದೇ ಎಂದರೆ ನಾನು ಜಗಳಕ್ಕೆ ಬರುವುದಿಲ್ಲ.

'ಸುರಿ' ಹೋಗಿ 'ಝುರಿ' ಯಾಕಾಯಿತು ಎಂದು ಕೇಳಬಹುದು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆದ ಹಾಗೆ. ನಮ್ಮ ಆದೇಶ ಸಂಧಿಯಂಥದ್ದೇ ಒಂದು ಅಲ್ಲೂ ಇದೆ. 'ಒರು' ಮಡಿಸು, 'ಒರಿ' ಮಡಿಕೆ, 'ಕಮಿ' ಕಾಗದ. ಸೇರಿದರೆ ನೀವೆಲ್ಲ ಶಾಲೆಯಲ್ಲಿ ದೋಣಿ, ಕೊಕ್ಕರೆ ಮಾಡಿದ 'ಒರಿಗಾಮಿ'. ನಮ್ಮಲ್ಲೂ ಅವರಲ್ಲೂ ಈ ಸಂಧಿ ಎಲ್ಲ ಕಡೆಯೂ ಆಗುವುದಿಲ್ಲ. ಹಾಗೆಂದು ನಾಳೆಯೇ ಎರಡು ಭಾಷೆಯೂ ಅಣ್ಣತಮ್ಮ ಎಂದು ಭಾಷಣ ಬಿಗಿಯಬೇಡಿ. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನೀಗೂ ನಂಟಿದೆ ಎಂದು ವಾದಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಹೋಲಿಕೆ ಬೇರೆ, ನೆಂಟಸ್ತಿಕೆ ಬೇರೆ.

ಮುಂದೆ ಕೇಳಿ. 'ಒಕುರು' ಕಳಿಸು, ಫೀಡರು ಕಾಗದ ಒಳಗೆ ಕಳಿಸುವುದು 'ಕಮಿಒಕುರಿ'. 'ತೊಜಿರು' ಹೊಲಿದು ಕಟ್ಟು, 'ನಕ' ನಡು, ನಾವು ಸೆಂಟರ್ ಪಿನ್ ಎನ್ನುವುದು 'ನಕತೊಜಿ'. ಒಂದು ಹಾಳೆಯ ಹಸಿ ಇಂಕು ಮೇಲಿನ ಹಾಳೆಯ ಬೆನ್ನಿಗೆ ಮೆತ್ತಿಕೊಂಡು ಗಿರಾಕಿ ಮುಖ ಸಿಂಡರಿಸುತ್ತಾನಲ್ಲ, ಅದು 'ಉರಾ-ಉತ್ಸುರಿ', ಬೆನ್ನಿಗೆ ದಾಟುವುದು. 'ಕುಮು' ಜೋಡಿಸು. ಸಾಲನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿದರೆ 'ತತೆಗುಮಿ', ಅಡ್ಡಕ್ಕೆ ಜೋಡಿಸಿದರೆ 'ಯೊಕೊಗುಮಿ'.

ಈ 'ಕುಮಿ'ಯ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಜಪಾನೀ ಬರಹದಲ್ಲಿ ಕ್ರಿಯಾಪದದ ಬುಡವನ್ನು ಚೀನೀ ಲಿಪಿಚಿಹ್ನೆಯಿಂದ ಬರೆದು, ಬಾಲವನ್ನು ತಮ್ಮ ಉಚ್ಚಾರದ ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಬಾಲದ ಅಕ್ಷರಗಳಿಗೆ 'ಒಕುರಿಗನ' ಎಂದು ಹೆಸರು. ಕಾಗದ ಕಳಿಸುವ 'ಒಕುರಿ'ಯೇ ಅದರಲ್ಲಿಯೂ ಇದೆ. ಕ್ರಿಯಾಪದ ಹೆಸರಾದ ಮೇಲೆ ಈ ಬಾಲ ಇರಬೇಕೋ ಬೇಡವೋ? 1973ರಲ್ಲಿ ಜಪಾನ್ ಸರ್ಕಾರದ ಮಂತ್ರಿಮಂಡಲವೇ ಇದರ ಬಗ್ಗೆ ಪ್ರಕಟಣೆ ಹೊರಡಿಸಿತು. ಸಾಮಾನ್ಯವಾಗಿ ಬಾಲ ಉಳಿಸಿಕೊಳ್ಳಿ; ಹನಶಿ, ಹಿಕರಿ, ಕೋರಿ ಮುಂತಾದ ಕೆಲವಕ್ಕೆ ಬೇಡ ಎಂದು ಪಟ್ಟಿ ಕೊಟ್ಟಿತು. ಗುಂಪು, ತಂಡ ಎಂಬ ಅರ್ಥದ 'ಕುಮಿ'ಯೂ ಆ ಪಟ್ಟಿಯಲ್ಲಿದೆ. ಅದರ ಕೆಳಗೆ ಒಂದು ಎಚ್ಚರಿಕೆ: ಅಚ್ಚಿನ ಮೊಳೆಗಳ ಜೋಡಣೆ ಸಡಿಲವಾಗಿದೆ ಎಂದು ಹೇಳುವಾಗ ಬರುವ 'ಕುಮಿ' ಇದಲ್ಲ, ಅಲ್ಲಿ ಬಾಲ ಬಿಡಬೇಡಿ!

ಗೆಳೆಯರೇ, ನಾನು ಕಸುಬಿಗೆ ಬಂದಾಗ ಮೊಳೆ ಜೋಡಿಸುವ ಕಾಲ ಮುಗಿಯುತ್ತಾ ಬಂದಿತ್ತು. ಆದರೂ ಒಂದು ವರ್ಷ ಮೊಳೆ ಜೋಡಿಸಿದ್ದೇನೆ. ಚೇಸಿನಲ್ಲಿ ಬಿಗಿದ ಪುಟ ಸಡಿಲವಾಗಿ ಅಕ್ಷರಗಳು ನೆಲಕ್ಕೆ ಚೆಲ್ಲಿದಾಗ ಕಪಾಳಕ್ಕೆ ಬಿದ್ದ ಏಟು ಇನ್ನೂ ನೆನಪಿದೆ. ಒಂದು ದೇಶದ ಮಂತ್ರಿಮಂಡಲದ ಕಾಗದದಲ್ಲಿ ನಮ್ಮ ಕಸುಬಿನ ಆ ಸಂಕಟ ಉದಾಹರಣೆಯಾಗಿ ಕುಳಿತಿದೆ ಎಂದರೆ, ಭಾಷೆಯ ನಿಯಮ ಬರೆದವರು ಪ್ರೆಸ್ಸಿನ ಮಾತನ್ನು ಕಿವಿಗೊಟ್ಟು ಕೇಳಿದ್ದಾರೆ. ನನಗೆ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ.

ರೈಲಿನಲ್ಲೂ ಇದೆ, ಕಾರ್ಖಾನೆಯಲ್ಲೂ ಇದೆ

1964ರಲ್ಲಿ ಜಪಾನಿನ ಮೊದಲ ಶಿಂಕಾನ್‌ಸೆನ್ ಓಡಿತು. ವೇಗದ ಗಾಡಿಗೆ 'ಹಿಕರಿ' ಎಂದು ಹೆಸರಿಟ್ಟರು. 'ಹಿಕರು' ಎಂದರೆ ಹೊಳೆ, 'ಹಿಕರಿ' ಎಂದರೆ ಬೆಳಕು. 1992ರಲ್ಲಿ ಅದಕ್ಕಿಂತ ವೇಗದ ಗಾಡಿ ಬಂತು. ಅದಕ್ಕೆ 'ನೊಝೊಮಿ'. 'ನೊಝೊಮು' ಎಂದರೆ ಹಾರೈಸು, 'ನೊಝೊಮಿ' ಎಂದರೆ ಹಾರೈಕೆ, ಆಸೆ. ಎರಡೂ ಧಾತುವಿನಿಂದ ಎದ್ದ ಹೆಸರುಗಳು.

ಬಿಡದಿ, ನರಸಾಪುರದ ಕಡೆ ಜಪಾನೀ ಕಂಪನಿಗಳಿಗೆ ಕೆಲಸಕ್ಕೆ ಹೋಗುವ ಗೆಳೆಯರು ಇಲ್ಲಿದ್ದೀರಿ. ನಿಮ್ಮ ಶೆಡ್ಡಿನ ಗೋಡೆಯ ಮೇಲೆ ಐದು 'ಎಸ್' ಬೋರ್ಡು ಇರುತ್ತದಲ್ಲ? ಸೇರಿ, ಸೇತೊನ್, ಸೇಸೋ, ಸೇಕೆತ್ಸು, ಇವು ನಾಲ್ಕೂ ಚ��ನೀ ಬೇರಿನ ಪದಗಳು. 'ಕೈಜೆನ್' ಕೂಡ ಹಾಗೆಯೇ. ಐದನೆಯ 'ಶಿತ್ಸುಕೆ' ಮಾತ್ರ ಜಪಾನೀ ಕ್ರಿಯಾಪದದ ಮಗು. 'ಶಿತ್ಸುಕೆರು' ಎಂದರೆ ಪಳಗಿಸು, ನಡತೆ ಕಲಿಸು. ಬೋರ್ಡಿನಲ್ಲಿ 'ಶಿಸ್ತು' ಎಂದು ಬರೆದಿರುತ್ತಾರೆ. ಆದರೆ ಬಟ್ಟೆ ಜರುಗದಿರಲಿ ಎಂದು ಟೈಲರು ಮೊದಲು ಹಾಕುವ ಕಚ್ಚಾ ಹೊಲಿಗೆಗೂ ಜಪಾನಿನಲ್ಲಿ 'ಶಿತ್ಸುಕೆ' ಎಂದೇ ಹೆಸರು. ಬೆತ್ತ ಹಿಡಿದ ಶಿಸ್ತಿಗಿಂತ ಆ ದಾರದ ಅರ್ಥವನ್ನು ನೆನಪಿಟ್ಟುಕೊಂಡರೆ ಸೂಪರ್‌ವೈಸರ್‌ಗಳಿಗೂ ಒಳ್ಳೆಯದು!

'ಪೊಕಾ-ಯೊಕೆ' ಕೇಳಿರುತ್ತೀರಿ. 'ಯೊಕೆರು' ಎಂದರೆ ತಪ್ಪಿಸು, 'ಪೊಕಾ' ಎಂದರೆ ಕಣ್ತಪ್ಪಿ ಆಗುವ ಎಡವಟ್ಟು. ಎಡವಟ್ಟು ಆಗದಂತೆ ಮಷೀನಿನಲ್ಲೇ ಮಾಡಿಟ್ಟ ತಡೆ. ಮೊದಲು ಇದನ್ನು 'ಬಾಕಾ-ಯೊಕೆ' ಎನ್ನುತ್ತಿದ್ದರು. 'ಬಾಕಾ' ಎಂದರೆ ದಡ್ಡ. ಕೆಲಸಗಾರರನ್ನು ದಡ್ಡರೆನ್ನುವುದು ಅವಮಾನ ಎಂದು ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ 1960ರ ದಶಕದಲ್ಲಿ ಹೆಸರು ಬದಲಿಸಿದರು. ಕ್ರಿಯಾಪದದ ಭಾಗ ಹಾಗೇ ಉಳಿಯಿತು, ಮನುಷ್ಯನನ್ನು ಹಂಗಿಸುವ ಭಾಗ ಹೋಯಿತು. ನನ್ನ ಪ್ರೆಸ್ಸಿನಲ್ಲಿ ಅವತ್ತು ದಡ್ಡನಾಗಿದ್ದವನು ಹುಡುಗನಲ್ಲ, ನಾನು. ಅದಕ್ಕೇ ಈ ಕಥೆ ನನಗೆ ಹತ್ತಿರ.

ಜಪಾನೀಯರು ಚೀನೀ ಪದವನ್ನು ರಾಶಿ ರಾಶಿ ತಂದುಕೊಂಡರು, ಇಂಗ್ಲಿಷನ್ನೂ ತಂದುಕೊಂಡರು. ಬಾಗಿಲು ಹಾಕಿ ಕೂರಲಿಲ್ಲ. ಆದರೆ ಕೈಯಲ್ಲಿ ಮಾಡುವ ಕೆಲಸಕ್ಕೆ ತಮ್ಮ ಧಾತುವಿನಿಂದ ಹೆಸರು ಕಟ್ಟುವುದನ್ನು ಬಿಡಲಿಲ್ಲ. 'ಗೆರಾ' ಹೊರಗಿನದು, 'ಝುರಿ' ಅವರದು. ನಮ್ಮಲ್ಲಿ ಮಡಿಕೆ, ಹೊಲಿಗೆ, ಜೋಡಣೆ ಎಂಬ ಪದಗಳು ಇದ್ದೂ ನಮ್ಮ ಪ್ರೆಸ್ಸುಗಳಲ್ಲಿ ಫೋಲ್ಡಿಂಗ್, ಸ್ಟಿಚಿಂಗ್, ಕಂಪೋಸಿಂಗ್. ಬೇರೆಯವರನ್ನು ಬೈಯುತ್ತಿಲ್ಲ. ನನ್ನ ರೇಟ್ ಕಾರ್ಡಿನಲ್ಲೂ ಹಾಗೇ ಇತ್ತು. ಈಗ ತಿದ್ದಿದ್ದೇನೆ.

ಮಾತು ಮುಗಿಸುತ್ತೇನೆ. ಆ ಹುಡುಗ ಇವತ್ತು ಅದೇ ಮಷೀನಿನ ಮುಖ್ಯ ಮಷೀನ್‌ಮನ್. ಉಗುರು ಸ್ವಲ್ಪ ಸೊಟ್ಟಗೆ ಬೆಳೆದಿದೆ. ಕಿತ್ತುಹೋದ ಸ್ಟಿಕ್ಕರಿನ ಜಾಗದಲ್ಲಿ ಕೆಂಪು ಅಕ್ಷರದಲ್ಲಿ 'ಕೈ ಹಾಕಬೇಡಿ' ಎಂದು ನಾವೇ ಅಚ್ಚುಹಾಕಿ ಅಂಟಿಸಿದ್ದೇವೆ. ದಿನದ ಕೆಲಸದ ಪಟ್ಟಿಯ ತಲೆಬರಹ 'ಮಷೀನಿನ ಜೋಪಾನ'. ಒಂದು ಕ್ರಿಯಾಪದ, ಒಂದು ನಾಮಪದ. ಹೊಸ ಹುಡುಗರು ಬಂದರೆ ಅವನೇ ಎರಡನ್ನೂ ಓದಿಸುತ್ತಾನೆ.

ಜಪಾನೀಯಲ್ಲಿ ಧಾತುವಿನ ಮುಂದೆ 'ತೆ', ಅಂದರೆ ಕೈ ಎಂಬ ಪದ ಇಟ್ಟರೆ ಆ ಕೆಲಸ ಮಾಡುವವರು ಎಂದಾಗುತ್ತದೆ. ಓದುಗ 'ಯೊಮಿತೆ', ಬರೆಯುವವ 'ಕಕಿತೆ', ಕೇಳುಗ 'ಕಿಕಿತೆ'. ಇಷ್ಟು ಹೊತ್ತು ಒಳ್ಳೆಯ 'ಕಿಕಿತೆ'ಗಳಾಗಿ ಕುಳಿತಿದ್ದೀರಿ. ಬೇರೆ ಭಾಷೆಯ ಪದ ಸಿಕ್ಕಾಗ ಅದನ್ನು ಮುರಿದು ನೀವೇ ಅರ್ಥ ಹಚ್ಚಬೇಡಿ. ಅದನ್ನು ದಿನಾ ಬಳಸುವವರನ್ನು ಕೇಳಿ. ಕೇಳಲು ನಾಚಿಕೊಂಡಿದ್ದರ ಬೆಲೆ ನನಗೆ ಗೊತ್ತು.